ತೋಟದ ಎಣ್ಣೆ, ಮನೆಯ ಸಾಬೂನು

ಊರಿನಿಂದ ಬಂದ ಗಾಣದ ಕೊಬ್ಬರಿ ಎಣ್ಣೆ ಮಹಾನಗರದ ಅಡಿಗೆಮನೆಯಲ್ಲಿ ಬಳಸಿ ಮಿಕ್ಕಾಗ, ಅದರಿಂದ ಸಾಬೂನು ತಯಾರಿಸುವ ಉತ್ಸಾಹ ಮೂಡುವುದು ಸಹಜ. ಆದರೆ ಎಣ್ಣೆ ಸ್ವಂತ ತೋಟದ್ದೆಂಬ ಮಾತ್ರಕ್ಕೆ ಸಾಬೂನು ಮೃದುವಾಗದು. ಅದನ್ನು ಗಟ್ಟಿ ಸಾಬೂನಾಗಿಸುವುದು ಕಾಸ್ಟಿಕ್ ಸೋಡಾ. ‘ರಾಸಾಯನಿಕವಿಲ್ಲದ ಸಾಬೂನು’ ಎಂಬುದು ಬರಿಯ ಜಾಹೀರಾತಿನ ಮಾತು.

ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ಣವಾಗಿ ಸಾಬೂನಾಗಲು ಸುಮಾರು 183 ಗ್ರಾಂ ಶುದ್ಧ ಸೋಡಾ ಬೇಕು. ಕೊಬ್ಬರಿ ಎಣ್ಣೆಯ ಸಾಬೂನು ಚರ್ಮವನ್ನು ಒಣಗಿಸುವ ಗುಣದ್ದಾದುದರಿಂದ, ಸ್ನಾನಕ್ಕಾದರೆ ಶೇಕಡ 20 ಕಡಿಮೆ ಮಾಡಿ 146 ಗ್ರಾಂ ಹಾಕುವುದು ಲೇಸು. ಉಳಿದ ಎಣ್ಣೆ ಮೈಗೆ ಹಿತ. ಎಳ್ಳೆಣ್ಣೆಗೆ ಈ ಲೆಕ್ಕ ಸಲ್ಲದು. ಅದಕ್ಕೆ ಬೇಕಾದ ಸೋಡಾ ಇನ್ನೂ ಕಡಿಮೆ. ಸಾರಿಗೆ ಉಪ್ಪು ಹಾಕುವ ಕೈಯಂದಾಜು ಇಲ್ಲಿ ನಡೆಯದು. ಎಣ್ಣೆ, ಸೋಡಾ ಎರಡನ್ನೂ ತಕ್ಕಡಿಯಲ್ಲಿಯೇ ತೂಗಬೇಕು.

ಸುಮಾರು 300 ಗ್ರಾಂ ತಣ್ಣೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ಸೋಡಾದ ಮೇಲೆ ನೀರು ಸುರಿಯಲೇಬಾರದು, ಕುದಿದು ಸಿಡಿಯುತ್ತದೆ. ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಅಲ್ಯೂಮಿನಿಯಮ್ಮನ್ನು ಸೋಡಾ ತಿಂದುಹಾಕುತ್ತದೆ. ಕೈಗೆ ಗವಸು, ಕಣ್ಣಿಗೆ ಕನ್ನಡಕ, ತೆರೆದ ಕಿಟಕಿ ಇವು ಇರಲೇಬೇಕು. ಮಕ್ಕಳು ಹತ್ತಿರ ಸುಳಿಯಕೂಡದು. ಕಣ್ಣಿಗೆ ಹನಿ ಸಿಡಿದರೆ ನಿಂಬೆರಸ, ವಿನೆಗರ್ ಎಂದು ಹುಡುಕದೆ, ಕೂಡಲೇ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಧಾವಿಸಬೇಕು.

ದ್ರಾವಣ ಆರಿದ ಮೇಲೆ, ಉಗುರು ಬೆಚ್ಚಗಿನ ಎಣ್ಣೆಗೆ ಅದನ್ನು ಸುರಿದು, ದೋಸೆಹಿಟ್ಟಿನ ಹದ ಬರುವವರೆಗೆ ಕಡೆದು ಅಚ್ಚಿಗೆ ಹಾಕಬೇಕು. ಗಟ್ಟಿಯಾದೊಡನೆ ಬಿಲ್ಲೆಗಳಾಗಿ ಕತ್ತರಿಸಿ, ಗಾಳಿಯಾಡುವೆಡೆ ನಾಲ್ಕರಿಂದ ಆರು ವಾರ ಒಣಗಿಸಬೇಕು. ಕೊಳವೆಬಾವಿಯ ಗಡಸು ನೀರಿನಲ್ಲಿಯೂ ಅದು ಚೆನ್ನಾಗಿ ನೊರೆ ಕೊಡುತ್ತದೆ.