ಬೂಷ್ಟು, ಯೀಸ್ಟ್, ಅಣಬೆ: ಬೀಜಕಣದಲ್ಲಿದೆ ಗುರುತು

ಪ್ರಶ್ನೆ: ಬ್ರೆಡ್ಡಿನ ಬೂಷ್ಟು, ಯೀಸ್ಟ್, ಅಣಬೆ ಎಲ್ಲವೂ ಶಿಲೀಂಧ್ರಗಳೇ ಅಂತಾರೆ. ಹಾಗಾದರೆ ಇವುಗಳ ವಂಶ ಬೆಳೆಯುವ ಬಗೆಯೂ ಒಂದೇನಾ?

ಉತ್ತರ: ಇಲ್ಲ. ಬೀಜಕಣ ಎಲ್ಲಿ, ಹೇಗೆ ಹುಟ್ಟುತ್ತದೆ ಎಂಬುದೇ ಇವುಗಳ ಗುಂಪನ್ನು ಗುರುತಿಸುವ ಹಳೆಯ ದಾರಿ.

ಬ್ರೆಡ್ಡಿಗೆ ಹಿಡಿಯುವ ಕರಿ ಬೂಷ್ಟು ರೈಜೋಪಸ್. ಭೂತಗನ್ನಡಿಯಲ್ಲಿ ನೋಡಿ: ಬಿಳಿ ಎಳೆಗಳ ತುದಿಯಲ್ಲಿ ಗುಂಡುಸೂಜಿಯ ತಲೆಯಂಥ ಕಪ್ಪು ಚೀಲಗಳು. ಅವು ಒಡೆದರೆ ಬೀಜಕಣಗಳು ಗಾಳಿಪಾಲು. ಇದಕ್ಕೆ ಜೋಡಿ ಬೇಕಿಲ್ಲ. ಭಿನ್ನ ಬಗೆಯ ಎರಡು ಎಳೆಗಳು ಕೂಡಿದಾಗ ಮಾತ್ರ, ಕಷ್ಟಕಾಲ ತಾಳಬಲ್ಲ ದಪ್ಪ ಗೋಡೆಯ ಜೈಗೋಸ್ಪೋರ್ ಹುಟ್ಟುತ್ತದೆ.

ಯೀಸ್ಟ್ ಏಕಕೋಶ ಜೀವಿ. ಮೈಮೇಲೆ ಮೊಗ್ಗು ಮೂಡಿ, ಬೆಳೆದು, ಬೇರೆಯಾಗುತ್ತದೆ. ಆಹಾರ ಸಾಲದಾದಾಗ ಚೀಲದೊಳಗೆ ಸಾಮಾನ್ಯವಾಗಿ 4 ಬೀಜಕಣ ಕಟ್ಟುತ್ತದೆ.

ಅಣಬೆಯದು ತಿರುಗುಮುರುಗು: ಕೊಡೆಯಡಿಯ ಪದರಗಳ ಮೇಲೆ, ಕೋಶದ ಹೊರತುದಿಯಲ್ಲಿ ಬೀಜಕಣಗಳು, ಹೆಚ್ಚಾಗಿ 4. ಅರಳಿದ ಕೊಡೆಯನ್ನು ಪದರ ಕೆಳಗಾಗುವಂತೆ ರಾತ್ರಿ ಕಾಗದದ ಮೇಲಿಟ್ಟರೆ, ಬೆಳಗ್ಗೆ ಬೀಜಕಣದ ಪುಡಿ ಗೆರೆಗೆರೆಯಾಗಿ ಬಿದ್ದಿರುತ್ತದೆ.

ಅಡಿಕೆ ಕೊಳೆರೋಗದ ಫೈಟಾಫ್ಥೊರಾ ಮಾತ್ರ ನೋಡಲು ಶಿಲೀಂಧ್ರ, ಆದರೆ ಆ ಕುಲದ್ದಲ್ಲ. ಅದರ ಕೋಶದ ಗೋಡೆ ಶಿಲೀಂಧ್ರಗಳ ಗೋಡೆಯಂತೆ ಮುಖ್ಯವಾಗಿ ಕೈಟಿನ್‌ನದಲ್ಲ, ಸೆಲ್ಯುಲೋಸ್ ಬಗೆಯದು. ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಮಳೆಗಾಲದಲ್ಲೇ ರೋಗ ಹಬ್ಬುವುದು, ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸುವುದು ಇದಕ್ಕೇ.