ನಿಮಗಿದು ಗೊತ್ತೇ? ಥೈರಾಯ್ಡ್ ಮಾತ್ರೆಗೆ ಜೊತೆಗಾರರು ಬೇಡ

ಥೈರಾಯ್ಡ್ ಮಾತ್ರೆಯ ಬಾಟಲಿಯ ಮೇಲಿನ 50 ಎಂಬುದು ಮಿಲಿಗ್ರಾಂ ಅಲ್ಲ, ಮೈಕ್ರೋಗ್ರಾಂ. ಕ್ಯಾಲ್ಸಿಯಂ ಮಾತ್ರೆಯಲ್ಲಿರುವುದು 500 ಮಿಲಿಗ್ರಾಂ. ಹತ್ತು ಸಾವಿರ ಪಟ್ಟು! ಒಟ್ಟಿಗೆ ನುಂಗಿದರೆ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನ್ ಹಾರ್ಮೋನಿಗೆ ಅಂಟಿಕೊಂಡು, ಅದು ರಕ್ತ ಸೇರದಂತೆ ತಡೆಯುತ್ತದೆ. ಕಬ್ಬಿಣದ್ದೂ ಇದೇ ಕೆಲಸ. ಕೆಲವು ಗ್ಯಾಸ್ ಔಷಧಿಗಳದ್ದೂ.

ಮರಳವಾಡಿ ಕಡೆಯ ಬಸುರಿಯೊಬ್ಬಳ ಅಂಗೈ ನೆನೆಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಕೆಂಪು ಕಬ್ಬಿಣದ ಮಾತ್ರೆ, ಬಳಪದ ತುಂಡಿನಂಥ ಕ್ಯಾಲ್ಸಿಯಂ, ಪಕ್ಕದಲ್ಲಿ ತೊಗರಿಬೇಳೆಯಗಲದ ಥೈರಾಯ್ಡ್ ಮಾತ್ರೆ. ಮರೆತುಹೋದೀತೆಂದು ಮೂರನ್ನೂ ಒಂದೇ ಗುಟುಕಿಗೆ ನುಂಗಿಬಿಡುತ್ತಾಳೆ. ಹೊಟ್ಟೆಯೊಳಗಿನ ಕೂಸಾದರೋ ಮೊದಲ ತಿಂಗಳುಗಳಲ್ಲಿ ಮೆದುಳು ಬೆಳೆಯಲು ಅಮ್ಮನ ಥೈರಾಯ್ಡ್ ಹಾರ್ಮೋನನ್ನೇ ನಂಬಿರುತ್ತದೆ. ತಾಯಂದಿರೇ, ಯಾವ ಮಾತ್ರೆಯನ್ನೂ ಬಿಡಬೇಡಿ, ಹೊತ್ತು ಬದಲಿಸಿ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ. ಕನಿಷ್ಠ 4 ಗಂಟೆ ಬಿಟ್ಟು ಮಧ್ಯಾಹ್ನದ ಊಟದ ಜೊತೆ ಕ್ಯಾಲ್ಸಿಯಂ. ಕಬ್ಬಿಣ ಅದಾದ ಮೇಲೆ 2 ಗಂಟೆ ಬಿಟ್ಟು.

ಇದು ಬರೀ ಅನುಮಾನವಲ್ಲ. 2000ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 20 ಮಂದಿ ಮೂರು ತಿಂಗಳು ಥೈರಾಕ್ಸಿನ್ ಜೊತೆಗೇ ಕ್ಯಾಲ್ಸಿಯಂ ತೆಗೆದುಕೊಂಡರು. ರಕ್ತದಲ್ಲಿ ಹಾರ್ಮೋನ್ ಇಳಿಯಿತು, ಕ್ಯಾಲ್ಸಿಯಂ ನಿಲ್ಲಿಸಿದ ಮೇಲೆ ಏರಿತು.

ನಮ್ಮ ರಾಗಿಯಲ್ಲೂ 100 ಗ್ರಾಂಗೆ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಹಾಗಂತ ಮುದ್ದೆ ಬಿಡಬೇಕೇ? ಖಂಡಿತ ಬೇಡ. ಬೆಳಗಿನ ರಾಗಿ ಗಂಜಿ, ಹಾಲು, ಕಾಫಿ ಯಾವುದೇ ಇರಲಿ, ಮಾತ್ರೆಯಾಗಿ ಅರ್ಧದಿಂದ ಒಂದು ಗಂಟೆ ಕಳೆಯಲಿ.

ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ರೇಷ್ಮೆಹುಳುವಿಗೆ ನಸುಕಿನಲ್ಲೇ ಸೊಪ್ಪು ಹಾಕಬೇಕಾದ ಮನೆಗಳಲ್ಲಿ ಬೆಳಿಗ್ಗೆ ಆ ಒಂದು ಗಂಟೆಯೂ ಸಿಗದು. ಅಂಥವರಿಗೆ ರಾತ್ರಿ ಊಟವಾಗಿ 3 ಗಂಟೆ ಕಳೆದ ಮೇಲೆ, ಮಲಗುವಾಗ ನುಂಗುವ ದಾರಿಯೂ ಇದೆ. ಡಾಕ್ಟರನ್ನು ಕೇಳಿ ಬದಲಿಸಿ.

ಕೂದಲು ಉದುರುತ್ತದೆಂದು ತಿನ್ನುವ ಬಯೋಟಿನ್ ಥೈರಾಯ್ಡ್ ಮಾತ್ರೆಯನ್ನೇನೂ ತಡೆಯದು, ಆದರೆ ಥೈರಾಯ್ಡ್ ರಕ್ತಪರೀಕ್ಷೆಯನ್ನು ಕೆಡಿಸುತ್ತದೆ! ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಹೆಚ್ಚು ತೋರುತ್ತದೆ. ಪರೀಕ್ಷೆಗೆ ರಕ್ತ ಕೊಡುವ ಮುನ್ನ ಬಯೋಟಿನ್ ಕನಿಷ್ಠ 2 ದಿನ ನಿಲ್ಲಿಸಿ.

ಒಂದು ಮಾತಂತೂ ಮರೆಯಬೇಡಿ. ಕ್ಯಾಲ್ಸಿಯಂ ಜೊತೆ ನುಂಗುತ್ತಿದ್ದಾಗಲೇ ನಿಮ್ಮ ಡೋಸ್ ಏರಿಸಿದ್ದರೆ, ಈಗ ಬೇರೆ ಮಾಡಿದಾಗ ಅದೇ ಡೋಸ್ ಹೆಚ್ಚಾಗಬಹುದು, ಎದೆ ಡವಗುಟ್ಟಬಹುದು. ಹೊತ್ತು ಬದಲಿಸಿದ್ದನ್ನು ಡಾಕ್ಟರಿಗೆ ಹೇಳಿ, 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮತ್ತೆ ಮಾಡಿಸಿ. ಬಸುರಿಯರಾದರೆ 4 ವಾರಕ್ಕೇ.