ಕುತ್ತಿಗೆ ಜೊತೆ ಜಗಳ ಬಿಟ್ಟ ಮೇಲೆ

ಕಳೆದ ವರ್ಷ ಯುಗಾದಿಗೆ ಎರಡು ದಿನ ಮೊದಲು ಕಟಿಂಗ್ ಮಾಡಿಸೋಕೆ ಮನೆ ಹತ್ತಿರದ ಸಲೂನಿಗೆ ಹೋಗಿದ್ದೆ. ಕಟಿಂಗ್ ಮುಗಿದ ಮೇಲೆ ಅಲ್ಲಿನ ಹುಡುಗ ತಲೆಗೆ ಎಣ್ಣೆ ತಟ್ಟಿದ, ಭುಜ ಒತ್ತಿದ. "ಸಾರ್, ಕುತ್ತಿಗೆ ಕಲ್ಲಾಗಿದೆ. ಒಂದ್ಸಲ ತೆಗೆದುಬಿಡ್ತೀನಿ" ಅಂದ. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಗದ್ದ ಹಿಡಿದು ಲಟಕ್ ಅಂತ ತಿರುಗಿಸಿಬಿಟ್ಟ.

ಎರಡು ನಿಮಿಷ ಹಾಯೆನಿಸಿತು. ರಾತ್ರಿ ಹೊತ್ತಿಗೆ ತಲೆ ಎತ್ತೋಕೆ ಆಗಲಿಲ್ಲ, ಎಡಗೈ ಬೆರಳುಗಳು ಜೋಮು ಹಿಡಿದವು. ಹಬ್ಬಕ್ಕೆ ಊರಿಗೆ ಹೋಗಬೇಕಾದವನು ಎಂಆರ್‌ಐ ಮೆಷಿನ್ ಒಳಗೆ ಮಲಗಿದ್ದೆ. ರಿಪೋರ್ಟ್ ನೋಡಿದ ಡಾಕ್ಟರ್ ಸಿಟ್ಟಿನಲ್ಲೇ ಹೇಳಿದರು: "ಮೂಳೆಗೆ ಏನೂ ಆಗಿಲ್ಲ, ನಿಮ್ಮ ಅದೃಷ್ಟ. ಈ ಕಾಯಿಲೆ ಇಟ್ಕೊಂಡು ಕುತ್ತಿಗೆನ ಯಾರ ಕೈಗೂ ಕೊಡಬೇಡಿ."

ಇದು ಎಲ್ಲರಿಗೂ ಇರೋ ಕುತ್ತಿಗೆ ನೋವಲ್ಲ

ನನಗಿರುವುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಹೆಸರು ಹೇಳಿದ ತಕ್ಷಣ "ಓ, ಐಟಿಯವರಿಗೆಲ್ಲ ಇರೋದೇ" ಅನ್ನುತ್ತಾರೆ. ಅವರು ಹೇಳುತ್ತಿರುವುದು ಸ್ಪಾಂಡಿಲೋಸಿಸ್ ಬಗ್ಗೆ. ಅದು ವಯಸ್ಸಾದಂತೆ ಕತ್ತಿನ ಮೂಳೆ, ಡಿಸ್ಕ್ ಸವೆಯುವುದರಿಂದ ಬರುತ್ತದೆ. ನನ್ನದು ಬೇರೆ. ದೇಹದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಉಂಟುಮಾಡುತ್ತದೆ. ಸಾಮಾನ್ಯವಾಗಿ 45 ವರ್ಷದೊಳಗೇ ಶುರುವಾಗುತ್ತದೆ. ಕೆಲವರಲ್ಲಿ ವರ್ಷಗಳು ಕಳೆದಂತೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಎಕ್ಸ್‌ರೇಯಲ್ಲಿ ಬೆನ್ನು ಬಿದಿರಿನ ಗಳದ ಹಾಗೆ ಕಾಣುತ್ತದೆ. ಹಾಗೆ ಬೆಸೆದ ಬೆನ್ನುಮೂಳೆ ಸಣ್ಣ ಪೆಟ್ಟಿಗೂ ಮುರಿಯಬಹುದು. ಡಾಕ್ಟರ್ ಸಿಟ್ಟಿಗೆ ಕಾರಣ ಅದು.

ನನಗೆ 24ನೇ ವಯಸ್ಸಿನಲ್ಲಿ ಸೊಂಟದಿಂದ ಶುರುವಾಯ್ತು. ಬೆಳಗಿನ ಜಾವ ಮೂರೂವರೆಗೆ ನೋವಿಗೆ ಎಚ್ಚರವಾಗುತ್ತಿತ್ತು. ಎದ್ದು ಹಾಲ್‌ನಲ್ಲಿ ಅಡ್ಡಾಡಿದರೆ ಕಡಿಮೆಯಾಗುತ್ತಿತ್ತು, ಮಲಗಿದರೆ ಮತ್ತೆ ಜಾಸ್ತಿ. "ಕುರ್ಚಿ ಸರಿಯಿಲ್ಲ" ಅಂತ ಮೂರು ಕುರ್ಚಿ ಬದಲಾಯಿಸಿದೆ. ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇರುವುದು, ಓಡಾಡಿದರೆ ನೋವು ಇಳಿದು ವಿಶ್ರಾಂತಿಯಲ್ಲಿ ಏರುವುದು, ಇವೇ ಈ ಕಾಯಿಲೆಯ ಗುರುತು ಅಂತ ರುಮಟಾಲಜಿಸ್ಟ್ ಹೇಳುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಅಷ್ಟರಲ್ಲಿ ನೋವು ಕುತ್ತಿಗೆಗೂ ಏರಿತ್ತು. ನಿಮಗೂ ಹೀಗೇ ಆಗ್ತಿದ್ದರೆ ಕುರ್ಚಿ ಬದಲಾಯಿಸುವ ಮೊದಲು ಡಾಕ್ಟರನ್ನು ನೋಡಿ.

ಸ್ನಾಯು ಯಾಕೆ ಬಿಗಿಯುತ್ತೆ?

ಸಲೂನ್ ಘಟನೆ ಆದಮೇಲೆ ನನ್ನ ಫಿಸಿಯೋಥೆರಪಿಸ್ಟ್ ಹೇಳಿದ ಒಂದು ಮಾತು ನನ್ನ ಯೋಚನೆಯನ್ನೇ ಬದಲಿಸಿತು. ಒಳಗಿನ ಕೀಲಿನಲ್ಲಿ ಉರಿಯೂತ ಇದ್ದಾಗ ಸುತ್ತಲಿನ ಸ್ನಾಯುಗಳು ಅದು ಅಲುಗಾಡದಂತೆ ಹಿಡಿದುಕೊಳ್ಳುತ್ತವೆ. ಕಾವಲು ಕಾಯುತ್ತವೆ ಅಂದ್ಕೊಳ್ಳಿ. ನಾವು ಬಲವಂತವಾಗಿ ಎಳೆದರೆ, ತಿರುಚಿದರೆ ಅವು ಹೆದರಿ ಇನ್ನೂ ಬಿಗಿಯಾಗುತ್ತವೆ. ಹಿಡಿದೂ ಹಿಡಿದೂ ಸುಸ್ತಾಗಿ ಅವೇ ನೋಯೋಕೆ ಶುರು ಮಾಡುತ್ತವೆ.

ಅಲ್ಲಿವರೆಗೆ ನಾನು ಮಾಡಿದ್ದೆಲ್ಲ ಜಗಳವೇ. ಗಟ್ಟಿಯಾಗಿ ಒತ್ತಿಸಿಕೊಳ್ಳೋದು, ಕತ್ತನ್ನು ಗಿರಗಿರ ತಿರುಗಿಸೋದು, ನೋವು ಜಾಸ್ತಿಯಾದ ವಾರ ಪೂರ್ತಿ ಮಲಗಿಬಿಡೋದು. ಈಗ ಮೂರೇ ಹೆಜ್ಜೆ: ಮೊದಲು ಔಷಧಿಯಿಂದ ಉರಿಯೂತ ಇಳಿಸೋದು, ಆಮೇಲೆ ಶಾಖ, ಆಮೇಲೆ ಸಣ್ಣ ಸಣ್ಣ ಚಲನೆ. ಎರಡು ವಾರಕ್ಕೊಮ್ಮೆ ಇಂಜೆಕ್ಷನ್ ತಗೋತೀನಿ. ಶಾಖ, ವ್ಯಾಯಾಮ ಅದರ ಬದಲಿಗೆ ಅಲ್ಲ, ಅದರ ಜೊತೆಗೆ.

ಬೆಳಗಿನ ಅರ್ಧ ಗಂಟೆ

ಎದ್ದ ತಕ್ಷಣ ಬಿಸಿನೀರಿನ ಸ್ನಾನ. ಕುತ್ತಿಗೆ ಮೇಲೆ ನೀರು ಹತ್ತು ನಿಮಿಷ ಬೀಳಬೇಕು. ರಜೆಯಲ್ಲಿ ಊರಿಗೆ ಹೋದರೆ ಅಮ್ಮ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡ್ತಾಳೆ. ಮೊದಲು ಮುಂಗೈಗೆ ಮುಟ್ಟಿಸಿ ಬಿಸಿ ನೋಡ್ಕೊಳ್ಳಿ, ನೋವಿನ ಭರದಲ್ಲಿ ಚರ್ಮ ಸುಟ್ಟಿದ್ದು ಗೊತ್ತಾಗಲ್ಲ.

ಆಮೇಲೆ ಗೋಡೆಗೆ ಬೆನ್ನು, ಹಿಮ್ಮಡಿ ಆನಿಸಿ ನಿಂತು, ಗದ್ದವನ್ನು ಮೆಲ್ಲಗೆ ಒಳಗೆ ಎಳೆದುಕೊಂಡು ಐದು ಎಣಿಸ್ತೀನಿ. ಹಾಗೆ ಐದು ಸಲ. ನಂತರ ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲುಗದ ಹಾಗೆ ಐದು ಸೆಕೆಂಡ್ ತಡೆಯೋದು. ಎರಡು ಪಕ್ಕಕ್ಕೂ, ಹಿಂದಕ್ಕೂ ಇದೇ ರೀತಿ, ಹಗುರವಾಗಿ. ಕೊನೆಗೆ ಎದೆ ತುಂಬ ಉಸಿರು ಎಳೆದು ಬಿಡೋದು, ಯಾಕಂದ್ರೆ ಈ ಕಾಯಿಲೆ ಪಕ್ಕೆಲುಬಿನ ಕೀಲುಗಳನ್ನೂ ಬಿಗಿಯುತ್ತದೆ. ಇದು ನನಗೆ ಹೇಳಿಕೊಟ್ಟ ವ್ಯಾಯಾಮ. ನಿಮಗೆ ಬೇಕಾದ್ದನ್ನು ನಿಮ್ಮ ಫಿಸಿಯೋ ನಿಮ್ಮ ಕತ್ತು ನೋಡಿ ಹೇಳಲಿ.

ಆಫೀಸು ಮತ್ತು ದಿಂಬು

ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿಟ್ಟು ಬೇರೆ ಕೀಬೋರ್ಡ್ ಹಾಕಿಕೊಂಡಿದ್ದೀನಿ. ಅರ್ಧ ಗಂಟೆಗೊಮ್ಮೆ ಅಲಾರಾಂ, ಎದ್ದು ಎರಡು ನಿಮಿಷ ಓಡಾಟ. ನಾನು ಮಾತಾಡಬೇಕಿಲ್ಲದ ಮೀಟಿಂಗ್‌ಗಳನ್ನು ನಡೆಯುತ್ತಲೇ ಕೇಳ್ತೀನಿ. ಇದಕ್ಕೆಲ್ಲ ಮೊದಲು ಮ್ಯಾನೇಜರ್‌ಗೆ ಕಾಯಿಲೆ ವಿಷಯ ಹೇಳಬೇಕಾಯ್ತು. ಅಪ್ರೈಸಲ್‌ಗೆ ಪೆಟ್ಟು ಬೀಳುತ್ತೆ ಅಂತ ಒಂದು ವರ್ಷ ಮುಚ್ಚಿಟ್ಟಿದ್ದೆ. ಕುತ್ತಿಗೆಗಿಂತ ಆ ಗುಟ್ಟೇ ಭಾರವಾಗಿತ್ತು.

ದಪ್ಪ ದಿಂಬು ಬಿಟ್ಟು ತೆಳ್ಳಗಿನದಕ್ಕೆ ಬಂದೆ. ದಪ್ಪ ದಿಂಬಿಗೆ ಕುತ್ತಿಗೆ ರಾತ್ರಿಯಿಡೀ ಮುಂದಕ್ಕೆ ಬಾಗಿರುತ್ತದೆ, ಈ ಕಾಯಿಲೆಯಲ್ಲಿ ಬಾಗಿದ್ದು ಹಾಗೇ ಉಳಿಯುವ ಭಯ. ಕಾಲರ್ ಕೂಡ ಡಾಕ್ಟರ್ ಹೇಳದೆ ಹಾಕಲ್ಲ. ದಿನವಿಡೀ ಹಾಕಿದರೆ ಸ್ನಾಯು ಸೋಲುತ್ತದೆ.

ನೋವು ಕೆರಳುವ ದಿನಗಳು ಈಗಲೂ ಬರುತ್ತವೆ. ಆಗ ವ್ಯಾಯಾಮ ನಿಲ್ಲಿಸಲ್ಲ, ಅರ್ಧಕ್ಕೆ ಇಳಿಸ್ತೀನಿ. ನೋವಿನ ಮಾತ್ರೆಯನ್ನು ನಾನಾಗಿಯೇ ಎರಡರಷ್ಟು ಮಾಡಲ್ಲ. ಹೊಟ್ಟೆಗೂ ಕಿಡ್ನಿಗೂ ಅದರ ಬೆಲೆ ಕಟ್ಟಬೇಕಾಗುತ್ತೆ.

ಇವು ಕಂಡರೆ ಕಾಯಬೇಡಿ

ಬಿದ್ದ ಮೇಲೆ ಅಥವಾ ಪೆಟ್ಟಾದ ಮೇಲೆ ಹೊಸ ನೋವು, ಕೈಯಲ್ಲಿ ಜೋಮು ಅಥವಾ ಹಿಡಿತ ತಪ್ಪುವುದು, ನಡೆಯುವಾಗ ತೂರಾಡುವುದು, ಮೂತ್ರದ ಮೇಲೆ ಹತೋಟಿ ಹೋಗುವುದು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು. ಇವಕ್ಕೆ ಶಾಖ, ಎಣ್ಣೆ ಯಾವುದೂ ಬೇಡ, ನೇರ ಆಸ್ಪತ್ರೆ. ನನ್ನಂಥವರಿಗೆ ಕಣ್ಣು ಕೆಂಪಾಗಿ ನೋಯುತ್ತಾ ಬೆಳಕು ನೋಡೋಕಾಗದಿದ್ದರೂ ಅಷ್ಟೇ, ಅದೇ ದಿನ ಕಣ್ಣಿನ ಡಾಕ್ಟರ್.

ಈ ಸಲದ ಯುಗಾದಿಗೆ ಊರಿಗೆ ಹೋಗಿದ್ದೆ. ಹೋಳಿಗೆ ಊಟ ಆದಮೇಲೆ ಮಾವ ಶುರು ಮಾಡಿದರು: "ಪಕ್ಕದ ಹಳ್ಳೀಲಿ ಉಳುಕು ತೆಗೆಯೋರಿದ್ದಾರೆ ಕಣೋ, ನಡಿ, ಗಾಡೀಲಿ ಹತ್ತು ನಿಮಿಷ." ನಾನು ಬಾಯಿ ತೆಗೆಯೋ ಮೊದಲೇ ಅಡುಗೆಮನೆಯಿಂದ ಅಮ್ಮ ಬಂದಳು. "ಅಣ್ಣ, ಅವನ ಕುತ್ತಿಗೆ ಯಾರೂ ಮುಟ್ಟೋ ಹಾಗಿಲ್ಲ" ಅಂದಳು. ಆಮೇಲೆ ಬಾಣಲೆಗೆ ಉಪ್ಪು ಸುರಿದಳು.

ನನ್ನ ಕುತ್ತಿಗೆ ಪೂರ್ತಿ ಸರಿಹೋಗಿಲ್ಲ. ಕಾರು ರಿವರ್ಸ್ ತೆಗೆಯುವಾಗ ಹಿಂದೆ ತಿರುಗಿ ನೋಡೋಕೆ ಈಗಲೂ ಆಗಲ್ಲ, ಕನ್ನಡಿ, ಕ್ಯಾಮೆರಾ ನೋಡ್ತೀನಿ. ಆದರೆ ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗಿ ಬಹಳ ದಿನ ಆಯ್ತು.